ಬೆಂಚಿನ ಮೂರನೆಯ ಜಾಗ: ಜಾನ್ ಬರಿಜ್ ಅವರ ಕ್ಲಬ್‌ಗಳ ಪಟ್ಟಿಯನ್ನು ಮತ್ತೆ ಓದುವ ಯತ್ನ

ಇಂಗ್ಲೆಂಡಿನ ಗೋಲ್‌ಕೀಪರ್ ಜಾನ್ ಬರಿಜ್ ಅವರ ಬಗ್ಗೆ ಬರೆದವರು ಸಾಮಾನ್ಯವಾಗಿ ಒಂದು ಸಂಖ್ಯೆಯಿಂದ ಶುರುಮಾಡುತ್ತಾರೆ: 29 ಕ್ಲಬ್‌ಗಳು. ಎಣಿಸುವ ಕ್ರಮ ಬದಲಾದರೆ ಸಂಖ್ಯೆ ತುಸು ಹೆಚ್ಚುಕಡಿಮೆಯಾಗುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರಿಂದ ಹೊರಡಿಸುವ ತೀರ್ಮಾನದ ಬಗ್ಗೆ. ಬರಿಜ್ ಒಂದೆಡೆ ನಿಲ್ಲಲಾರದ ಮನುಷ್ಯ, ಆಟದ ಹುಚ್ಚು ಹತ್ತಿಸಿಕೊಂಡವರು, ಹಾಗಾಗಿ ಊರೂರು ಅಲೆದರು ಎಂಬುದು ರೂಢಿಯ ಮಾತು. ಪಂದ್ಯಕ್ಕೆ ಮುಂಚೆ ಲಾಗ ಹಾಕಿ ಮೈ ಬಿಸಿಮಾಡಿಕೊಳ್ಳುತ್ತಿದ್ದ ಅವರ ಪರಿ, 2011ರಲ್ಲಿ ಬಂದ ಆತ್ಮಕಥೆ ‘ಬಡ್ಜಿ’, ಎರಡೂ ಈ ಮಾತಿಗೆ ಪುಷ್ಟಿ ಕೊಟ್ಟವು. ಮರುವರ್ಷ ಪ್ರಕಟವಾದ ಜೊನಾಥನ್ ವಿಲ್ಸನ್ ಅವರ ‘ದಿ ಔಟ್‌ಸೈಡರ್’ ಗೋಲ್‌ಕೀಪರನನ್ನು ತಂಡದೊಳಗಿದ್ದೂ ಹೊರಗಿನವನಾಗಿ ಉಳಿದವನೆಂದು ನೋಡುವ ಕೃತಿ. ಕೀಪರನ ಅಲೆದಾಟವನ್ನು ಅವನ ಸ್ವಭಾವದ ಲೆಕ್ಕಕ್ಕೆ ಬರೆಯುವವರಿಗೆ ಅದು ಆಸರೆಯಾಯಿತು.

ವಿಲ್ಸನ್ ಅವರ ಕೃತಿ ಮೈದಾನದಲ್ಲಿ ಕೀಪರನಿಗಿರುವ ಸ್ಥಾನವನ್ನೂ ಜನರ ಕಲ್ಪನೆಯಲ್ಲಿ ಅವನಿಗಿರುವ ಸ್ಥಾನವನ್ನೂ ಚೆನ್ನಾಗಿ ವಿವರಿಸುತ್ತದೆ. ಆದರೆ ಕೆಲಸದ ಮಾರುಕಟ್ಟೆಯಲ್ಲಿ ಅವನ ಸ್ಥಾನವೇನು ಎಂಬುದು ಬೇರೆಯೇ ಪ್ರಶ್ನೆ. ಮಾರ್ಟಿನ್ ರೋಡರಿಕ್ 2006ರಲ್ಲಿ ವೃತ್ತಿಪರ ಫುಟ್‌ಬಾಲನ್ನು ಒಂದು ಉದ್ಯೋಗವಾಗಿ ಕಂಡು, ಗಾಯ, ವರ್ಗಾವಣೆ ಮತ್ತು ಅನಿಶ್ಚಿತತೆ ಅಲ್ಲಿ ನಿತ್ಯದ ಸಂಗತಿಗಳೆಂದು ತೋರಿಸಿದರು. ಆಟಗಾರ ಕ್ಲಬ್ ಬದಲಿಸುವುದು ಅವನ ಇಷ್ಟಾನಿಷ್ಟವೊಂದರ ಮೇಲೆ ನಿಂತಿಲ್ಲ ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಇಲ್ಲಿನ ವಿವಾದ ಅದಕ್ಕಿಂತ ಚಿಕ್ಕದು, ಹೆಚ್ಚು ನಿರ್ದಿಷ್ಟವಾದುದು: ಬರಿಜ್ ಅವರ ದೊಡ್ಡ ಸಂಖ್ಯೆ ಯಾವ ವರ್ಷಗಳಲ್ಲಿ ಬೆಳೆಯಿತು, ಆಗಲೇ ಏಕೆ ಬೆಳೆಯಿತು?

ಪಟ್ಟಿಯನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ಅಲೆದಾಟವಲ್ಲ, ಒಂದು ಬಗೆಯ ನಿಧಾನ. 1951ರ ಡಿಸೆಂಬರ್ 3ರಂದು ವರ್ಕಿಂಗ್ಟನ್‌ನಲ್ಲಿ ಹುಟ್ಟಿದ ಬರಿಜ್ ಅದೇ ಊರಿನ ಕ್ಲಬ್‌ನಲ್ಲಿ 1969ರಲ್ಲಿ ವೃತ್ತಿ ಆರಂಭಿಸಿದರು. 1971ರಲ್ಲಿ ಬ್ಲ್ಯಾಕ್‌ಪೂಲ್, 1975ರಲ್ಲಿ ಆಸ್ಟನ್ ವಿಲಾ, 1978ರಲ್ಲಿ ಕ್ರಿಸ್ಟಲ್ ಪ್ಯಾಲೇಸ್, 1980ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್, 1982ರಲ್ಲಿ ವುಲ್ವ್ಸ್, 1984ರಲ್ಲಿ ಶೆಫೀಲ್ಡ್ ಯುನೈಟೆಡ್, 1987ರಲ್ಲಿ ಸೌತಾಂಪ್ಟನ್, 1989ರಲ್ಲಿ ನ್ಯೂಕಾಸಲ್, 1991ರಲ್ಲಿ ಸ್ಕಾಟ್ಲೆಂಡಿನ ಹಿಬರ್ನಿಯನ್. ನಡುವೆ ಸೌತೆಂಡ್ ಮತ್ತು ಡರ್ಬಿಗೆ ಎರವಲಾಗಿ ಹೋಗಿಬಂದರು. 1993ರವರೆಗಿನ 24 ವರ್ಷಗಳಲ್ಲಿ ಕಾಯಂ ಕ್ಲಬ್‌ಗಳು 10. ಸರಾಸರಿ ಒಂದೊಂದರಲ್ಲಿ ಸುಮಾರು ಎರಡೂವರೆ ವರ್ಷ. ಇದು ಹೆಚ್ಚೆನ್ನಿಸಬಹುದು, ಆದರೆ ದಂತಕಥೆಯಾಗುವಷ್ಟು ಹೆಚ್ಚಲ್ಲ.

ಈ ಹತ್ತರಲ್ಲಿ ಹಲವನ್ನು ಬಿಟ್ಟ ಕಾರಣ ಹುಡುಕಿದರೆ ಸ್ವಭಾವಕ್ಕಿಂತ ಮೊದಲು ಎದುರಾಗುವುದು ಇನ್ನೊಬ್ಬ ಕೀಪರನ ಹೆಸರು. 1977ರ ಲೀಗ್ ಕಪ್ ಗೆದ್ದ ವಿಲಾ ತಂಡದ ಕೀಪರ್ ಬರಿಜ್. ಅದೇ ವರ್ಷ ಆರ್ಸನಲ್‌ನಿಂದ ಜಿಮ್ಮಿ ರಿಮ್ಮರ್ ಬಂದರು, ಬರಿಜ್ ತಂಡದಲ್ಲಿ ಜಾಗ ಕಳೆದುಕೊಂಡರು. ರೇಂಜರ್ಸ್‌ನಲ್ಲಿ ಪೀಟರ್ ಹಕರ್, ಸೌತಾಂಪ್ಟನ್‌ನಲ್ಲಿ ಟಿಮ್ ಫ್ಲವರ್ಸ್, ನ್ಯೂಕಾಸಲ್‌ನಲ್ಲಿ ಪಾವೆಲ್ ಸ್ರ್ನಿಚೆಕ್, ಹಿಬರ್ನಿಯನ್‌ನಲ್ಲಿ ಜಿಮ್ ಲೀಟನ್. ಹೊಸ ನೀರು ಬಂದಾಗ ಹಳೆ ನೀರು ಕೊಚ್ಚಿಹೋಯಿತು, ಅಷ್ಟೆ. ಪ್ಯಾಲೇಸ್‌ನಿಂದ ರೇಂಜರ್ಸ್‌ಗೆ ಹೋದದ್ದಕ್ಕೆ ಕಾರಣ ಮತ್ತೂ ಸರಳ: ಮ್ಯಾನೇಜರ್ ಟೆರಿ ವೆನಬಲ್ಸ್ ಮುಂದೆ ಹೋದರು, ಬರಿಜ್ ಹಿಂದೆ ಹೋದರು. ಮಿಡ್‌ಫೀಲ್ಡರ್ ಜಾಗ ಕಳೆದುಕೊಂಡರೆ ಬಲಕ್ಕೋ ಎಡಕ್ಕೋ ಸರಿದು ಆಡಬಹುದು. ಕೀಪರನಿಗೆ ಇರುವುದು ಒಂದೇ ಜಾಗ. ಅದು ತಪ್ಪಿದ ದಿನ ಅವನು ಮೀಸಲು ತಂಡಕ್ಕೆ ಇಳಿಯಬೇಕು, ಇಲ್ಲವೇ ಊರು ಬಿಡಬೇಕು.

ಪಟ್ಟಿಯ ಉಳಿದ ಹೆಸರುಗಳಲ್ಲಿ ಬಹುಪಾಲು ಸೇರಿಕೊಂಡದ್ದು 1993ರಿಂದ 1997ರೊಳಗೆ, ಬರಿಜ್ ಅವರಿಗೆ ನಲವತ್ತು ದಾಟಿದ ಮೇಲೆ. ಸ್ಕಾರ್‌ಬರೋ, ಲಿಂಕನ್ ಸಿಟಿ, ಎನ್‌ಫೀಲ್ಡ್, ಅಬರ್ಡೀನ್, ಡಂಬಾರ್ಟನ್, ಫಾಲ್ಕರ್ಕ್, ಮ್ಯಾಂಚೆಸ್ಟರ್ ಸಿಟಿ, ನಾಟ್ಸ್ ಕೌಂಟಿ, ಡಾರ್ಲಿಂಗ್ಟನ್, ಕ್ವೀನ್ ಆಫ್ ದಿ ಸೌತ್, ಬ್ಲೈತ್ ಸ್ಪಾರ್ಟನ್ಸ್. ಕೆಲವೆಡೆ ಅವರು ಇದ್ದದ್ದು ಕೆಲವೇ ವಾರ. ಅಂದರೆ ನಮ್ಮ ಮುಂದಿರುವುದು ಒಂದೇ ಮನುಷ್ಯನ ಎರಡು ವೃತ್ತಿಜೀವನಗಳು. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆಯುವವರು ಮೊದಲಿನ 24 ವರ್ಷಗಳಿಗೂ ಕೊನೆಯ ನಾಲ್ಕು ವರ್ಷಗಳ ಬಣ್ಣ ಬಳಿಯುತ್ತಾರೆ. ಸ್ವಭಾವವೇ ಕಾರಣವಾಗಿದ್ದರೆ ಅದು ಇಪ್ಪತ್ತನೆಯ ವಯಸ್ಸಿನಲ್ಲೂ ಕೆಲಸ ಮಾಡಬೇಕಿತ್ತು.

ಇನ್ನು ನನ್ನ ಮುಖ್ಯ ವಾದ. 1993ರ ಸುಮಾರಿಗೆ ಬದಲಾದದ್ದು ಬರಿಜ್ ಅಲ್ಲ, ಬೆಂಚು.

ಇಂಗ್ಲಿಷ್ ಲೀಗಿನಲ್ಲಿ 1965ರವರೆಗೆ ಬದಲಿ ಆಟಗಾರನೇ ಇರಲಿಲ್ಲ. 1956ರ ಎಫ್.ಎ. ಕಪ್ ಫೈನಲ್‌ನಲ್ಲಿ ಬರ್ಟ್ ಟ್ರಾಟ್‌ಮನ್ ಕತ್ತಿನ ಮೂಳೆ ಮುರಿದಿದ್ದರೂ ಗೋಲಿನಲ್ಲೇ ಉಳಿದರು. ಮರುವರ್ಷದ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರೇ ವುಡ್ ಗಾಯಗೊಂಡಾಗ ಜ್ಯಾಕಿ ಬ್ಲಾಂಚ್‌ಫ್ಲವರ್ ಗೋಲಿಗೆ ನಿಂತರು. ಅವರು ಕೀಪರ್ ಅಲ್ಲ. 1965ರಲ್ಲಿ ಒಬ್ಬ ಬದಲಿಗೆ ಅನುಮತಿ ಸಿಕ್ಕಿತು, 1980ರ ದಶಕದ ಉತ್ತರಾರ್ಧದಲ್ಲಿ ಇಬ್ಬರಿಗೆ. ಆದರೆ ಇದ್ದ ಒಂದೆರಡು ಜಾಗವನ್ನು ಮ್ಯಾನೇಜರ್‌ಗಳು ಸಾಮಾನ್ಯವಾಗಿ ಕೀಪರನಿಗೆ ಕೊಡುತ್ತಿರಲಿಲ್ಲ. ಯುರೋಪಿಯನ್ ಕಪ್‌ನಲ್ಲಿ ಬೆಂಚು ದೊಡ್ಡದಿತ್ತು, ಅಲ್ಲಿ ಕೀಪರ್ ಕೂಡ ಕೂರುತ್ತಿದ್ದ. ಇದಕ್ಕೆ ಒಳ್ಳೆಯ ಸಾಕ್ಷಿ 1982ರ ರಾಟರ್‌ಡಾಮ್ ಫೈನಲ್: ಬರಿಜ್ ಅವರ ಜಾಗಕ್ಕೆ ಬಂದಿದ್ದ ಅದೇ ರಿಮ್ಮರ್ ಹತ್ತು ನಿಮಿಷದೊಳಗೆ ಹೊರನಡೆದರು, ಮೊದಲ ತಂಡದಲ್ಲಿ ಒಂದೇ ಪಂದ್ಯ ಆಡಿದ್ದ ನೈಜೆಲ್ ಸ್ಪಿಂಕ್ ಇಳಿದರು, ವಿಲಾ ಬಯರ್ನ್ ಮ್ಯೂನಿಕ್ಕನ್ನು 1–0ಯಿಂದ ಸೋಲಿಸಿತು. ಆ ಕಾಲದ ಲೀಗ್ ಪಂದ್ಯದಲ್ಲಿ ಹೀಗಾಗಿದ್ದರೆ ಯಾರಾದರೂ ಡಿಫೆಂಡರ್ ಕೈಗವಸು ತೊಡಬೇಕಾಗುತ್ತಿತ್ತು.

1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಬೆಂಚಿನ ಜಾಗ ಮೂರಕ್ಕೇರಿತು. ವಾಡಿಕೆಯಲ್ಲಿ ಮೂರನೆಯದು ಕೀಪರನ ಪಾಲಾಯಿತು. 1994ರ ವಿಶ್ವಕಪ್‌ನಲ್ಲಿ ಇಬ್ಬರು ಬದಲಿ ಆಟಗಾರರ ಜೊತೆಗೆ ಒಬ್ಬ ಕೀಪರನನ್ನೂ ಬದಲಿಸಲು ನಿಯಮವೇ ಅವಕಾಶ ಕೊಟ್ಟಿತು. ಬೆಂಚಿನ ಈ ಮೂರನೆಯ ಜಾಗದ ಪರಿಣಾಮವನ್ನು ಸಾಕಷ್ಟು ಗಮನಿಸಿಲ್ಲವೆಂದು ನನಗನ್ನಿಸುತ್ತದೆ. ಮುಂಚೆ ಮೊದಲ ಕೀಪರ್ ಗಾಯಗೊಂಡರೆ ಮೀಸಲು ಕೀಪರ್ ಆಡುತ್ತಿದ್ದ, ಅಲ್ಲಿಗೆ ಕ್ಲಬ್‌ನ ಅಗತ್ಯ ಮುಗಿಯುತ್ತಿತ್ತು. ಈಗ ಮೀಸಲು ಕೀಪರ್ ಮೈದಾನಕ್ಕಿಳಿದ ಕೂಡಲೇ ಬೆಂಚಿನಲ್ಲಿ ಅವನ ಜಾಗ ಖಾಲಿ. ಆ ಜಾಗಕ್ಕೆ ತರಬೇತಿಯ ಹುಡುಗನನ್ನು ಕೂರಿಸಬೇಕು, ಇಲ್ಲವೇ ನಾಲ್ಕು ವಾರಕ್ಕೆ ಒಬ್ಬ ಅನುಭವಿಯನ್ನು ಹುಡುಕಬೇಕು. ದೇಹ ಗಟ್ಟಿಯಾಗಿರುವ, ವರ್ಗಾವಣೆ ಶುಲ್ಕವಿಲ್ಲದ, ಫೋನು ಮಾಡಿದರೆ ಹೊರಟು ಬರುವ ನಲವತ್ತರ ಕೀಪರನಿಗೆ ಬೇಡಿಕೆ ಹುಟ್ಟಿದ್ದು ಹೀಗೆ. 1992ರ ಬ್ಯಾಕ್‌ಪಾಸ್ ನಿಯಮ (ಜೊತೆಯ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ) ಹಳೆಯ ಕೀಪರ್‌ಗಳ ಬದುಕನ್ನು ಕಷ್ಟಮಾಡಿತ್ತು, ಕಾಲಿನಲ್ಲಿ ಆಡಲು ಅವರು ಕಲಿತಿರಲಿಲ್ಲ. ಆದರೂ ಅವರಿಗೆ ಕರೆ ಬಂದದ್ದು ಬೆಂಚಿಗೆ ಬೇರೆಯೇ ಅರ್ಹತೆ ಸಾಕಾಗಿತ್ತು ಎಂಬುದನ್ನು ಸೂಚಿಸುತ್ತದೆ.

ಮ್ಯಾಂಚೆಸ್ಟರ್ ಸಿಟಿಯ ಪ್ರಸಂಗ ಈ ವಿವರಣೆಗೆ ಹೊಂದುತ್ತದೆ. 1995ರ ಏಪ್ರಿಲ್‌ನಲ್ಲಿ ನ್ಯೂಕಾಸಲ್ ವಿರುದ್ಧ ಬರಿಜ್ ಬೆಂಚಿನಿಂದಲೇ ಎದ್ದು ಮೈದಾನಕ್ಕಿಳಿದರು. ಮೇ 14ರಂದು ತಮ್ಮ ಹಳೆಯ ಕ್ಲಬ್ ರೇಂಜರ್ಸ್ ವಿರುದ್ಧ ಆಡಿದಾಗ ಅವರಿಗೆ 43 ವರ್ಷ 162 ದಿನ. ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ಹಿರಿಯ ಆಟಗಾರ ಅದುವರೆಗೆ ಆಡಿರಲಿಲ್ಲ. ಈ ದಾಖಲೆಯನ್ನು ಛಲದ ಕತೆಯಾಗಿ ಹೇಳುವುದು ಸುಲಭ, ತಪ್ಪೂ ಅಲ್ಲ. ಆದರೆ 1985ರಲ್ಲಿ ಇಷ್ಟೇ ಛಲವಿದ್ದ ಇಷ್ಟೇ ವಯಸ್ಸಿನ ಕೀಪರನಿಗೆ ಕೂರಲು ಬೆಂಚಿನಲ್ಲಿ ಜಾಗವೇ ಇರಲಿಲ್ಲ.

ಒಬ್ಬರ ಉದಾಹರಣೆಯಿಂದ ನಿಯಮ ಕಟ್ಟಲಾಗದು. ಸ್ವಭಾವದಲ್ಲಿ ಬರಿಜ್ ಅವರಿಗೆ ತೀರ ವಿರುದ್ಧವೆನ್ನಿಸುವ ಇನ್ನೊಬ್ಬರನ್ನು ಪಕ್ಕಕ್ಕಿಡಬೇಕು. ಪೀಟರ್ ಶಿಲ್ಟನ್ ಇಂಗ್ಲೆಂಡ್ ಪರ 125 ಪಂದ್ಯ ಆಡಿದವರು. ಗಂಭೀರ, ಶಿಸ್ತಿನ ಮನುಷ್ಯ ಎಂದೇ ಹೆಸರು. 1966ರಿಂದ 1992ರವರೆಗೆ ಅವರು ಆಡಿದ್ದು ಲೆಸ್ಟರ್, ಸ್ಟೋಕ್, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಸೌತಾಂಪ್ಟನ್, ಡರ್ಬಿ, ಈ ಐದು ಕ್ಲಬ್‌ಗಳಿಗೆ. (1987ರಲ್ಲಿ ಸೌತಾಂಪ್ಟನ್‌ನಲ್ಲಿ ಅವರು ಬಿಟ್ಟ ಜಾಗಕ್ಕೆ ಬಂದವರೇ ಬರಿಜ್.) ಪ್ಲಿಮತ್‌ನಲ್ಲಿ ಆಟಗಾರ ಹಾಗೂ ಮ್ಯಾನೇಜರ್ ಆಗಿದ್ದ ಕಾಲ ಮುಗಿದ ಮೇಲೆ, 1995ರಿಂದ 1997ರೊಳಗೆ, ವಿಂಬಲ್ಡನ್, ಬೋಲ್ಟನ್, ಕೊವೆಂಟ್ರಿ, ವೆಸ್ಟ್ ಹ್ಯಾಮ್, ಲೇಟನ್ ಓರಿಯೆಂಟ್. ಎರಡೇ ವರ್ಷಗಳಲ್ಲಿ ಮತ್ತೆ ಐದು! ವಿಂಬಲ್ಡನ್, ಕೊವೆಂಟ್ರಿ, ವೆಸ್ಟ್ ಹ್ಯಾಮ್‌ಗಳಿಗೆ ಅವರು ಒಂದೂ ಲೀಗ್ ಪಂದ್ಯ ಆಡಲಿಲ್ಲ. 1,000 ಲೀಗ್ ಪಂದ್ಯಗಳ ಗುರಿಗಾಗಿ ಅಲೆದರು ಎನ್ನುವವರಿದ್ದಾರೆ, ಓರಿಯೆಂಟ್ ಮಟ್ಟಿಗೆ ಅದು ನಿಜ. 1996ರ ಡಿಸೆಂಬರ್‌ನಲ್ಲಿ ಅಲ್ಲೇ ಆ ಗುರಿ ಮುಟ್ಟಿದರು. ಆದರೆ ಆಡಿಸದ ಕ್ಲಬ್‌ಗಳಲ್ಲಿ ಇದ್ದದ್ದಕ್ಕೆ ಆ ಗುರಿ ಉತ್ತರವಾಗುವುದಿಲ್ಲ. ಅಲ್ಲಿ ಅವರು ತುಂಬಿದ್ದು ಮೀಸಲು ಕೀಪರನ ಜಾಗವನ್ನು. ಒಬ್ಬರು ಲಾಗ ಹಾಕುವವರು, ಇನ್ನೊಬ್ಬರು ಹಾಕದವರು. ಇಬ್ಬರ ಪಟ್ಟಿಯೂ ಒಂದೇ ಕಾಲದಲ್ಲಿ ಒಂದೇ ಬಗೆಯಲ್ಲಿ ಉದ್ದವಾಯಿತು.

ಇಷ್ಟು ಹೇಳಿದ ಮೇಲೆ ನನ್ನ ವಾದದ ಅಂಚುಗಳನ್ನೂ ತೋರಿಸಬೇಕು. ಬೆಂಚಿನ ನಿಯಮದಿಂದಾಗಿಯೇ ಇಂಥ ಒಪ್ಪಂದ ಮಾಡಿಕೊಂಡೆವೆಂದು ಯಾವುದಾದರೂ ಕ್ಲಬ್ ಹೇಳಿದ ದಾಖಲೆಯನ್ನು ನಾನು ಆಧಾರವಾಗಿಟ್ಟಿಲ್ಲ. ನನ್ನ ಆಧಾರ ಕಾಲದ ಹೊಂದಿಕೆ ಮತ್ತು ಒಂದು ಹೋಲಿಕೆ ಮಾತ್ರ. ಅದು ಸಂಭಾವ್ಯತೆ, ಸಾಬೀತಲ್ಲ. ಬಹುಶಃ ಈ ನಿಯಮ ಹೊಸ ಮಾರುಕಟ್ಟೆಯನ್ನು ಹುಟ್ಟಿಸಲಿಲ್ಲ, ಆಗಲೇ ಇದ್ದ ಕಿರು ಅವಧಿಯ ಮಾರುಕಟ್ಟೆಯನ್ನು ಹಿಗ್ಗಿಸಿತು. ಬೆಂಚಿಗೆ ಸಂಬಂಧವಿಲ್ಲದ ತುರ್ತು ಎಂದಿಗೂ ಇರುತ್ತದೆ: 1999ರಲ್ಲಿ ಕಾರ್ಲೈಲ್ ತನ್ನ ಕೀಪರನನ್ನು ಮಾರಿತು, ಎರವಲು ಬಂದವನು ತವರು ಕ್ಲಬ್‌ಗೆ ಮರಳಿದ, ಗಡುವು ಮೀರಿದ್ದರಿಂದ ವಿಶೇಷ ಅನುಮತಿ ಪಡೆದು ಸ್ವಿಂಡನ್‌ನಿಂದ ಜಿಮ್ಮಿ ಗ್ಲಾಸ್ ಅವರನ್ನು ತಂದಿತು. ಅವರು ಆಡಿದ್ದು ಮೂರು ಪಂದ್ಯ. ಮೇ 8ರಂದು ಪ್ಲಿಮತ್ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ತಾವೇ ಮುಂದೆ ಓಡಿ ಗೋಲು ಹೊಡೆದು ಕ್ಲಬ್ಬನ್ನು ಲೀಗಿನಲ್ಲಿ ಉಳಿಸಿದರು, ಹೊರಬಿದ್ದದ್ದು ಸ್ಕಾರ್‌ಬರೋ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಎನ್‌ಫೀಲ್ಡ್, ಬ್ಲೈತ್‌ಗಳಂಥ ಲೀಗಿನ ಹೊರಗಿನ ಕ್ಲಬ್‌ಗಳಿಗೆ ಹೋದದ್ದನ್ನು ಪ್ರೀಮಿಯರ್ ಲೀಗಿನ ಬೆಂಚಿನಿಂದ ವಿವರಿಸಲಾಗದು. ಶಿಲ್ಟನ್ ಆ ಮಟ್ಟಕ್ಕೆ ಇಳಿಯಲಿಲ್ಲ, ಬರಿಜ್ ಇಳಿದರು. ಅಲ್ಲಿ ಮಾತ್ರ ಆತ್ಮಕಥೆಯ ಬರಿಜ್ ಅವರನ್ನು ನಂಬಲು ನಾನು ಸಿದ್ಧ: ಆಡದೆ ಇರಲಾಗದ ಮನುಷ್ಯ. ಸ್ವಭಾವ ಪಟ್ಟಿಯ ಬಾಲವನ್ನು ಬೆಳೆಸಿರಬಹುದು. ನಡುಭಾಗವನ್ನು ಅದು ವಿವರಿಸುವುದಿಲ್ಲ.

ಪ್ರಶ್ನೆಗಳು ಉಳಿದಿವೆ. ಸ್ಕಾಟ್ಲೆಂಡಿನ ಕ್ಲಬ್‌ಗಳ ಬೆಂಚಿನ ಇತಿಹಾಸವನ್ನು ಪ್ರತ್ಯೇಕವಾಗಿ ನೋಡಬೇಕು. ಬರಿಜ್ ಅವರ ಕೊನೆಯ ವರ್ಷಗಳಲ್ಲಿ ಅವುಗಳ ಪಾಲು ಸಣ್ಣದಲ್ಲ. 1995ರ ಡಿಸೆಂಬರಿನ ಬಾಸ್‌ಮನ್ ತೀರ್ಪಿನ ನಂತರ ಒಪ್ಪಂದ ಮುಗಿದ ಆಟಗಾರರಿಗೆ ಶುಲ್ಕವಿಲ್ಲದೆ ಕ್ಲಬ್ ಬದಲಿಸುವುದು ಹೆಚ್ಚು ಸಲೀಸಾಯಿತು, 1996ರಿಂದ ಪ್ರೀಮಿಯರ್ ಲೀಗ್ ಬೆಂಚು ಐದಕ್ಕೆ ಬೆಳೆಯಿತು. ಆದ್ದರಿಂದ ಬೆಂಚಿನ ಪರಿಣಾಮವನ್ನು ಬೇರ್ಪಡಿಸಿ ಅಳೆಯಲು ಇರುವುದು 1992ರಿಂದ 1995ರವರೆಗಿನ ಕಿರಿದಾದ ಕಿಂಡಿ ಮಾತ್ರ. ಆ ಮೂರು ಋತುಗಳಲ್ಲಿ ಮೂವತ್ತೈದು ದಾಟಿದ ಕೀಪರ್‌ಗಳ ತಿಂಗಳ ಒಪ್ಪಂದಗಳನ್ನು ಅದೇ ವಯಸ್ಸಿನ ಡಿಫೆಂಡರ್‌ಗಳ ಒಪ್ಪಂದಗಳೊಂದಿಗೆ ಯಾರಾದರೂ ಹೋಲಿಸಿದರೆ ಇಲ್ಲಿನ ಊಹೆ ನಿಲ್ಲುತ್ತದೋ ಬೀಳುತ್ತದೋ ಗೊತ್ತಾದೀತು.