ಕಾಂಕ್ರೀಟ್ ಗೋಡೆಯ ಮೇಲೊಂದು ಚರಿತ್ರೆ

ನಿಮ್ಮ ಊರಿನ ಉದ್ದನೆಯ ಕಾಂಪೌಂಡ್ ಗೋಡೆಯೊಂದನ್ನು ನೆನಪಿಸಿಕೊಳ್ಳಿ. ಹರಿದ ಪೋಸ್ಟರ್‌ಗಳು, 'ಜಾಹೀರಾತು ಅಂಟಿಸಬಾರದು' ಎಂಬ ಎಚ್ಚರಿಕೆ, ಅದರ ಮೇಲೆಯೇ ಇನ್ನೊಂದು ಜಾಹೀರಾತು! ಇಂಥದೇ ನೀರಸ ಗೋಡೆಯೊಂದನ್ನು ಚಿತ್ರಕಲೆ ಕಲಿಯದ ಮಕ್ಕಳು ಚರಿತ್ರೆಯ ಪುಸ್ತಕವಾಗಿಸಿದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ.

ಪ್ರವಾಹ ತಡೆಯಲೆಂದು ಅಲ್ಲಿನ ಟುಹಂಗಾ ಹೊಳೆಯನ್ನು ಸೇನಾ ಇಂಜಿನಿಯರ್‌ಗಳು ಕಾಂಕ್ರೀಟ್ ಕಾಲುವೆಯೊಳಗೆ ಹರಿಸಿದ್ದರು. ನೀರೇನೋ ಹತೋಟಿಗೆ ಬಂತು, ಬಡಾವಣೆಯವರ ಪಾಲಿಗೆ ಬೂದು ಗೋಡೆ ಉಳಿಯಿತು. ಅದನ್ನು ಅಂದಗೊಳಿಸಲು 1974ರಲ್ಲಿ ಜೂಡಿತ್ ಬಾಕಾ ಎಂಬ ಕಲಾವಿದೆಗೆ ಕರೆ ಬಂತು. ಮೆಕ್ಸಿಕನ್ ಮೂಲದ ಈಕೆ 1970ರಲ್ಲೇ, ಪರಸ್ಪರ ಹೊಡೆದಾಡುತ್ತಿದ್ದ ನಾಲ್ಕು ಗುಂಪುಗಳ 20 ಯುವಕರನ್ನು ಒಟ್ಟುಗೂಡಿಸಿ, ಪಾರ್ಕೊಂದರಲ್ಲಿ ಅಜ್ಜಿಯ ಚಿತ್ರ ಬರೆಸಿದ್ದರು.

1976ರ ಬೇಸಿಗೆಯಲ್ಲಿ ಸುಮಾರು 80 ಹದಿಹರೆಯದವರು ಕಾಲುವೆಗೆ ಇಳಿದರು. ಹಲವರು ಬಾಲಾಪರಾಧದ ಪ್ರಕರಣಗಳಲ್ಲಿ ಸಿಲುಕಿದವರು. ಇವರಿಗೆ ಹೂಬಳ್ಳಿ ಬರೆಯಲು ಹೇಳಿದ್ದರೂ ಗೋಡೆ ಚೆಂದವಾಗುತ್ತಿತ್ತು. ಬಾಕಾ ಹಾಗೆ ಮಾಡಲಿಲ್ಲ. ಇತಿಹಾಸಕಾರರನ್ನು ಕರೆಸಿದರು, ಹಿರಿಯರ ಅನುಭವ ಕೇಳಿಸಿದರು. ಮೊದಲು ಕಾಗದದ ಮೇಲೆ ಚಿತ್ರ, ಬಳಿಕ ಗೋಡೆಗೆ ಚೌಕುಳಿ ಗೆರೆ. ಒಂದೊಂದು ಚೌಕವನ್ನು ಹಿರಿದಾಗಿಸಿ ಬರೆದರೆ ಕೈ ಪಳಗದವರಿಗೂ ಆನೆಗಾತ್ರದ ಚಿತ್ರ ಸಾಧ್ಯ. ನಮ್ಮ ಶಾಲೆಗಳಲ್ಲಿ ಭೂಪಟ ದೊಡ್ಡದು ಮಾಡುವ ವಿಧಾನವೂ ಇದೇ ತಾನೇ?

ಮಳೆಗಾಲದಲ್ಲಿ ಕಾಲುವೆ ತುಂಬುತ್ತದೆ. ಆದ್ದರಿಂದ ಬೇಸಿಗೆಗಳಲ್ಲಷ್ಟೇ ಕೆಲಸ. 1983ರ ವೇಳೆಗೆ 400ಕ್ಕೂ ಹೆಚ್ಚು ಎಳೆಯರು ಸೇರಿ 2,754 ಅಡಿ, ಅಂದರೆ ಸುಮಾರು 840 ಮೀಟರ್ ಉದ್ದದ ಚಿತ್ರ ಬರೆದಿದ್ದರು.

ಅದರಲ್ಲಿ ಏನಿದೆ ಗೊತ್ತೇ? ಯುರೋಪಿಯನ್ನರಿಗಿಂತ ಮೊದಲೇ ಅಲ್ಲಿದ್ದ ಮೂಲನಿವಾಸಿಗಳಿದ್ದಾರೆ. 1930ರ ದಶಕದಲ್ಲಿ ಗಡಿಯಾಚೆ ಅಟ್ಟಲ್ಪಟ್ಟ ಮೆಕ್ಸಿಕನ್ ಕುಟುಂಬಗಳಿವೆ. 1942ರಲ್ಲಿ ಯುದ್ಧದ ನೆಪದಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನಿ ಮೂಲದವರಿದ್ದಾರೆ. ಹೀಗೆ ಬಂಧಿತರಾದ ಸುಮಾರು 1,20,000 ಜನರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಹೆದ್ದಾರಿಗಳಿಂದ ಇಬ್ಭಾಗವಾದ ಕೇರಿಗಳೂ ಇವೆ. ಕುಂಚ ಹಿಡಿದ ಹಲವು ಮಕ್ಕಳ ಅಜ್ಜ-ಅಜ್ಜಿಯರ ಕಥೆಯಿದು. ತಮ್ಮವರು ಕಾಣಿಸದ ಪಠ್ಯಪುಸ್ತಕ ಓದಿದವರಿಗೆ ಇಲ್ಲಿ ತಾವೇ ಬರೆಯುವ ಸರದಿ ಬಂದಿತ್ತು. ಬಣ್ಣಕ್ಕಿಂತ ಇದೇ ದೊಡ್ಡ ಗಳಿಕೆ ಎಂದು ನನಗನಿಸುತ್ತದೆ.

ಬಿಸಿಲು, ನೀರಿಗೆ ಮಾಸಿದ್ದ ಚಿತ್ರಕ್ಕೆ 2011ರಲ್ಲಿ ಮರುಜೀವ ನೀಡಲಾಯಿತು. 2017ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಚಿತ್ರದಲ್ಲಿನ ಚರಿತ್ರೆ 1950ರ ದಶಕಕ್ಕೆ ನಿಂತಿತ್ತು. ಅದನ್ನು ಮುಂದಿನ ದಶಕಗಳಿಗೂ ವಿಸ್ತರಿಸುವ ಕೆಲಸವನ್ನು ಬಾಕಾ ತಮ್ಮ ಎಪ್ಪತ್ತರ ಹರೆಯದಲ್ಲಿ ಕೈಗೆತ್ತಿಕೊಂಡರು.