ಪತ್ತನಾಜೆಯ ಗಡಿ: ಕರಾವಳಿಯ ಪ್ರದೇಶನಾಮಗಳು ಮತ್ತು ಬೇಸಿಗೆಯ ಹವಾಮಾನ ತಿಳಿವು

ಒಂದು ನೆಲವನ್ನು ಯಾರು ಯಾವ ಹೆಸರಿನಿಂದ ಕರೆದರು ಎಂಬ ಪ್ರಶ್ನೆಗೂ ಆ ನೆಲದ ಮಳೆಗಾಳಿಗಳನ್ನು ಯಾರು ಹೇಗೆ ಗ್ರಹಿಸಿದರು ಎಂಬ ಪ್ರಶ್ನೆಗೂ ನಿಕಟ ಸಂಬಂಧವಿದೆ. ಕರ್ನಾಟಕದ ಕರಾವಳಿಯ ಮಟ್ಟಿಗೆ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ ಅಧ್ಯಯನಗಳು ವಿರಳ. ಸ್ಥಳನಾಮ ಅಧ್ಯಯನವು ಭಾಷಾಶಾಸ್ತ್ರದ ಪಾಲಿಗೂ ಮಳೆಗಾದೆಗಳ ಸಂಗ್ರಹವು ಜಾನಪದದ ಪಾಲಿಗೂ ಸಂದುಹೋದುದು ಇದಕ್ಕೆ ಒಂದು ಕಾರಣ. ಬೇಸಿಗೆಯ ಕೊನೆಯ ಘಟ್ಟವನ್ನು ಕೇಂದ್ರವಾಗಿರಿಸಿಕೊಂಡು ಇವೆರಡರ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊರಗಿನವರ ಹೆಸರು, ಒಳಗಿನವರ ಹೆಸರು

ಶಾಸನಗಳು ಈ ತೀರಪ್ರದೇಶವನ್ನು ಒಂದೇ ಹೆಸರಿನಿಂದ ಕರೆದಿಲ್ಲ. ತೆಂಕಣ ಭಾಗದಲ್ಲಿ ಆಳುಪರ ಆಳ್ವಖೇಡ ಆರುಸಾಸಿರ, ಬಡಗಣ ಭಾಗದಲ್ಲಿ ಹೈವೆ ಎಂಬ ನಾಡುಗಳು ಕಾಣುತ್ತವೆ. ವಿಜಯನಗರದ ಕಾಲದಲ್ಲಿ ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳು ಆಡಳಿತ ಘಟಕಗಳಾಗಿದ್ದವು. ಕಡಲ ಮೂಲಕ ಬಂದವರಿಗೆ ನಾಡಿಗಿಂತ ಬಂದರು ಮುಖ್ಯವಾಯಿತು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನ ಬರಹದಲ್ಲಿ ಬಾರಕೂರು ‘ಫಾಕನೂರ್’ ಆಗಿಯೂ ಮಂಗಳೂರು ‘ಮಂಜರೂರ್’ ಆಗಿಯೂ ದಾಖಲಾಗಿವೆ. ಇದೇ ಕಡಲ ವ್ಯವಹಾರದ ಅರಬ್ಬಿ ಪದವಾದ ‘ಮೌಸಿಮ್’ ಪೋರ್ಚುಗೀಸರ ಮೂಲಕ ಹಾದು ‘ಮಾನ್ಸೂನ್’ ಆಯಿತು. ನಾವಿಕನಿಗೆ ಅದು ಹಡಗು ಹೊರಡುವ ಋತು. ಅದನ್ನೇ ಈ ನೆಲದ ಒಕ್ಕಲಿಗನು ‘ಮುಂಗಾರು’ ಎಂದು ಬಿತ್ತನೆಯ ದೃಷ್ಟಿಯಿಂದ ಹೆಸರಿಸಿದನು.

ಪೋರ್ಚುಗೀಸರಿಂದ ಬಳಕೆಗೆ ಬಂದ ‘ಕೆನರಾ’ ಎಂಬುದು ಕನ್ನಡ ಎಂಬ ಹೆಸರಿನದೇ ರೂಪಾಂತರ. ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನಾಡುವ ಜನರೂ ಇದರಿಂದ ಒಂದೇ ಹೆಸರಿನಡಿ ಸೇರಿದರು. 1799ರಲ್ಲಿ ಬ್ರಿಟಿಷರ ವಶವಾದ ಈ ಜಿಲ್ಲೆಯ ಉತ್ತರ ಭಾಗವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಗೆರೆಗಳು ಹೀಗೆ ಮತ್ತೆ ಮತ್ತೆ ಬದಲಾದರೂ ಮಳೆಯ ಲೆಕ್ಕಾಚಾರವು ಆ ಗೆರೆಗಳನ್ನು ಅನುಸರಿಸಲಿಲ್ಲ ಎಂಬುದು ಗಮನಾರ್ಹ.

ಜನರ ಹೆಸರಿಡುವಿಕೆಯ ಕ್ರಮವೇ ಬೇರೆ. ಅದಕ್ಕೆ ಘಟ್ಟ, ಕಡಲು, ನೀರು ಇವು ಮೂರು ಆಧಾರಗಳು. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂಬುದು ಮೊದಲ ವಿಂಗಡಣೆ. ಮೂಡು–ಪಡು, ತೆಂಕು–ಬಡಗು ಎಂಬುದು ಎರಡನೆಯದು. ಮೂಡಬಿದಿರೆ–ಪಡುಬಿದ್ರಿ, ತೆಂಕನಿಡಿಯೂರು–ಬಡಾನಿಡಿಯೂರು ಮುಂತಾದ ಜೋಡಿ ಹೆಸರುಗಳು ಇದಕ್ಕೆ ನಿದರ್ಶನ. ಪಡು ಎಂದರೆ ಕಡಲ ದಿಕ್ಕು, ಮಳೆಗಾಳಿ ಬರುವ ದಿಕ್ಕು. ಮೂರನೆಯದು ಗದ್ದೆಗಳ ವಿಂಗಡಣೆ. ತಗ್ಗಿನಲ್ಲಿದ್ದು ನೀರಿನಾಸರೆ ಹೆಚ್ಚಿರುವ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಎತ್ತರದ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು ಬೈಲಿನಲ್ಲಿ ಸಾಧ್ಯ. ಬೆಟ್ಟುವಿಗೆ ಒಂದೇ ಬೆಳೆ. ಮಂಗಳೂರಿನ ಕೊಡಿಯಾಲಬೈಲು, ಉಡುಪಿಯ ಕುಂಜಿಬೆಟ್ಟು ಇಂದು ನಗರದ ಬಡಾವಣೆಗಳಾಗಿದ್ದರೂ ಅವುಗಳ ಹೆಸರಿನಲ್ಲಿ ಆ ನೆಲದ ನೀರಿನ ಗುಣ ಉಳಿದಿದೆ. ಮುಂಗಾರು ಹತ್ತು ದಿನ ತಡವಾದರೆ ಬೈಲಿನವನಿಗೂ ಬೆಟ್ಟುವಿನವನಿಗೂ ಆಗುವ ಹಾನಿ ಒಂದೇ ಅಲ್ಲ ಎಂಬ ತಿಳಿವು ಸ್ಥಳನಾಮದಲ್ಲಿಯೇ ಅಡಕವಾಗಿದೆ.

ಪತ್ತನಾಜೆ ಎಂಬ ಮುನ್ನೆಚ್ಚರಿಕೆ

ತುಳುವರ ಸೌರಮಾನದ ವರ್ಷವು ಏಪ್ರಿಲ್ ನಡುವಿನ ಬಿಸುವಿನೊಂದಿಗೆ, ಪಗ್ಗು ತಿಂಗಳಿಂದ ಆರಂಭವಾಗುತ್ತದೆ. ಮುಂದಿನದು ಬೇಷ. ಬೇಷದ ಹತ್ತನೆಯ ದಿನ ಪತ್ತನಾಜೆ. ಇದು ಸಾಮಾನ್ಯವಾಗಿ ಮೇ 24ರ ಹೊತ್ತಿಗೆ ಬರುತ್ತದೆ. ಅಂದಿಗೆ ಭೂತಕೋಲ, ಜಾತ್ರೆ, ಅಂಕಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇದನ್ನು ಕೇವಲ ಧಾರ್ಮಿಕ ನಿಷೇಧವೆಂದು ವಿವರಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ರೈತಾಪಿ ಜನ ಬಳಸುವ ಮಳೆನಕ್ಷತ್ರಗಳು ಸೂರ್ಯನ ಸಂಚಾರವನ್ನು ಅನುಸರಿಸಿದವು. ಒಂದೊಂದಕ್ಕೆ ಹದಿಮೂರು–ಹದಿನಾಲ್ಕು ದಿನಗಳ ಅವಧಿ. ಕೃತ್ತಿಕೆಯು ವೃಷಭರಾಶಿಯ ಹತ್ತನೆಯ ಅಂಶದಲ್ಲಿ ಮುಗಿಯುತ್ತದೆ. ಸೂರ್ಯನು ದಿನಕ್ಕೆ ಹೆಚ್ಚುಕಡಿಮೆ ಒಂದು ಅಂಶ ಚಲಿಸುವುದರಿಂದ ಬೇಷದ ಹತ್ತು ಎಂದರೆ ಕೃತ್ತಿಕೆಯು ತೀರಿ ರೋಹಿಣಿಯು ಹೊಗುವ ಸಂಧಿ. ರೋಹಿಣಿಯ ಬಳಿಕ ಜೂನ್ 7–8ರ ಸುಮಾರಿಗೆ ಮೃಗಶಿರೆ. ಕರಾವಳಿ ಕರ್ನಾಟಕಕ್ಕೆ ಮುಂಗಾರು ವಾಡಿಕೆಯಂತೆ ತಲುಪುವುದು ಜೂನ್ ಮೊದಲ ವಾರದಲ್ಲಿ. ಅಂದರೆ ಪತ್ತನಾಜೆಗೂ ಮಳೆಗೂ ನಡುವೆ ಸುಮಾರು ಹತ್ತು–ಹನ್ನೆರಡು ದಿನಗಳ ಬಿಡುವಿದೆ. ಮಾಡಿಗೆ ಹುಲ್ಲು ಹೊದಿಸಲು, ಸೌದೆ ಒಳಗಿಡಲು, ಕಟ್ಟಹುಣಿ ಸರಿಪಡಿಸಲು, ದೋಣಿಯನ್ನು ದಡಕ್ಕೆಳೆಯಲು ಬೇಕಾದ ಕಾಲ ಇದು. ಮಳೆ ಯಾವಾಗ ಬರುತ್ತದೆಂದು ಪತ್ತನಾಜೆ ಹೇಳುವುದಿಲ್ಲ. ಇನ್ನು ಬಯಲಿನಲ್ಲಿ ಇರಬೇಡಿ ಎಂದಷ್ಟೇ ಹೇಳುತ್ತದೆ. ಆದುದರಿಂದ ಅದನ್ನು ಭವಿಷ್ಯವಾಣಿ ಎನ್ನುವುದಕ್ಕಿಂತ ಸಾಮುದಾಯಿಕ ಮುನ್ನೆಚ್ಚರಿಕೆ ಎನ್ನುವುದೇ ಹೆಚ್ಚು ಸಮಂಜಸ.

ಇಲ್ಲಿ ಒಂದು ಐತಿಹಾಸಿಕ ತೊಡಕನ್ನು ಎದುರಿಸಬೇಕು. ನಕ್ಷತ್ರಮಾನದ ವರ್ಷವು ಋತುಮಾನದ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ದೀರ್ಘ. ಅಯನಚಲನೆಯ ಈ ವ್ಯತ್ಯಾಸ ಎಪ್ಪತ್ತು ವರ್ಷಗಳಿಗೆ ಸುಮಾರು ಒಂದು ದಿನವಾಗುತ್ತದೆ. ಐನೂರು ವರ್ಷಗಳ ಹಿಂದೆ ಇದೇ ಬೇಷದ ಹತ್ತು ಋತುಚಕ್ರದಲ್ಲಿ ಏಳೆಂಟು ದಿನ ಮುಂಚಿತವಾಗಿ ಬರುತ್ತಿತ್ತು. ಅಂದರೆ ಮಳೆ ಬರುವ ಕಾಲ ಹೆಚ್ಚು ಬದಲಾಗಿಲ್ಲವೆಂದಾದರೆ ಅಂದಿನ ಬಿಡುವು ಇನ್ನೂ ದೊಡ್ಡದು. ಜಾನಪದ ಜ್ಞಾನವು ಸಾವಿರಾರು ವರ್ಷಗಳಿಂದ ಬದಲಾಗದೆ ಉಳಿದ ವಿಜ್ಞಾನವೆಂಬ ವಾದವೂ ಅದು ಬರಿಯ ಮೂಢನಂಬಿಕೆ ಎಂಬ ವಾದವೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಇಲಾಖೆಯ ಭಾಷೆ

ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆ ಹೊರಬಿದ್ದದ್ದು 1886ರಲ್ಲಿ. ಇಲಾಖೆಯು ದೇಶವನ್ನು 36 ಉಪವಿಭಾಗಗಳಾಗಿ ವಿಂಗಡಿಸಿದ್ದು ‘ಕರಾವಳಿ ಕರ್ನಾಟಕ’ ಅವುಗಳಲ್ಲಿ ಒಂದು. ಪತ್ತನಾಜೆಯನ್ನು ಆಚರಿಸುವ ಕಾಸರಗೋಡಿನ ತುಳುವರು ಮಾತ್ರ ಕೇರಳದ ಉಪವಿಭಾಗಕ್ಕೆ ಸೇರುತ್ತಾರೆ. ಬೇಸಿಗೆಯಲ್ಲಿ ತೀರದ ಕೇಂದ್ರಗಳಿಗೆ ಉಷ್ಣ ಅಲೆ ಘೋಷಿಸಲು ಕನಿಷ್ಠ 37 ಡಿಗ್ರಿ ಉಷ್ಣಾಂಶವಿದ್ದು ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕೆಂಬುದು ಮಾನದಂಡ; ಬಯಲಿಗೆ ಈ ಕನಿಷ್ಠ ಮಿತಿ 40 ಡಿಗ್ರಿ. ಬಯಲುಸೀಮೆಯ ಒಣ ‘ಧಗೆ’ಗೂ ಕರಾವಳಿಯ ಬೆವರಿಳಿಸುವ ‘ಸೆಕೆ’ಗೂ ಜನಭಾಷೆಯು ಮಾಡಿದ ವ್ಯತ್ಯಾಸವನ್ನು ಇಲಾಖೆಯು ಈ ಅಂಕಿಯಲ್ಲಿ ಹೇಳುತ್ತದೆ.

2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಜೂನ್ 8ರಂದು. 2025ರಲ್ಲಿ ಮೇ 24ರಂದೇ. ಪತ್ತನಾಜೆಯು ಕಾಯ್ದಿರಿಸಿದ್ದ ಬಿಡುವು ಒಂದು ವರ್ಷ ಹಿಗ್ಗಿತು, ಮತ್ತೊಂದು ವರ್ಷ ಇಲ್ಲವಾಗುವಷ್ಟು ಕುಗ್ಗಿತು. ಸ್ಥಿರ ದಿನಾಂಕವನ್ನು ನೆಚ್ಚಿದ ಪದ್ಧತಿಗೆ ಇದು ಕಠಿಣ ಪರೀಕ್ಷೆ. ಹೀಗಾಗಿ ಉಪಗ್ರಹಾಧಾರಿತ ಮುನ್ಸೂಚನೆ ಅನಿವಾರ್ಯ. ಆದರೆ ‘ಕರಾವಳಿಯಲ್ಲಿ ವ್ಯಾಪಕ ಮಳೆ’ ಎಂಬ ಒಂದೇ ವಾಕ್ಯವು ಬೈಲಿಗೂ ಬೆಟ್ಟುವಿಗೂ ಕಡಲ ಕರೆಗೂ ಘಟ್ಟದ ತಪ್ಪಲಿಗೂ ಒಂದೇ ಅರ್ಥವನ್ನು ಕೊಡಲಾರದು. ಬೈಲುಗಳು ಮಣ್ಣು ತುಂಬಿ ನಿವೇಶನಗಳಾಗುತ್ತಿರುವ ಈ ಕಾಲದಲ್ಲಿ ಆ ಹೆಸರುಗಳನ್ನು ಸರ್ವೆ ನಂಬರುಗಳೊಂದಿಗೆ, ನೀರಿನ ಹರಿವಿನ ವಿವರಗಳೊಂದಿಗೆ ದಾಖಲಿಸುವುದು ಜಾನಪದ ವಿದ್ವಾಂಸರು ಹವಾಮಾನ ತಜ್ಞರೊಡನೆ ಕೂಡಿ ಮಾಡಬೇಕಾದ ಕೆಲಸ. ನೆರೆ ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ‘ಬೈಲು’ ಎಂಬ ಹೆಸರು ಈಗಾಗಲೇ ಹೇಳಿದೆ.