ಮೇಜು ಯಾರದ್ದು?

1975ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ‘ಪೆಡಿಟ್5’ ಅಂತ ಒಂದು ಫೈಲ್ ಇತ್ತು. ಹೆಸರು ಎಷ್ಟು ಸಪ್ಪೆ ಅಂದರೆ, ಯಾರಿಗೂ ತೆರೆದು ನೋಡಬೇಕು ಅನ್ನಿಸಬಾರದು. ಒಳಗಿದ್ದದ್ದು ಮಾತ್ರ ನೆಲಮಾಳಿಗೆ, ರಾಕ್ಷಸರು, ಮಂತ್ರ, ನಿಧಿ. ರಸ್ಟಿ ರುದರ್‌ಫೋರ್ಡ್ ಎಂಬಾತ ಬರೆದ ಆಟ ಅದು. ಆದರೆ ಅದು ಕೂತಿದ್ದ ಪ್ಲೇಟೊ ಸಿಸ್ಟಮ್ ಇದ್ದದ್ದು ಪಾಠ ಹೇಳಿಕೊಡೋದಕ್ಕೆ. ನೋಡಿಕೊಳ್ಳುವವರ ಕಣ್ಣಿಗೆ ಬಿತ್ತು, ಡಿಲೀಟ್ ಮಾಡಿದರು.

ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವ ನಮಗೆ ಇದು ತಮಾಷೆಯ ಕಥೆ. ನನಗೆ ಮಾತ್ರ ಇದು ಐವತ್ತು ವರ್ಷದಿಂದ ನಡೆದುಬಂದ ಒಂದು ಜಗಳದ ಶುರುವಾತು ಅನ್ನಿಸುತ್ತದೆ. ಆಟ ಆಡುವವರದ್ದೋ, ಅದು ಓಡುತ್ತಿರುವ ಯಂತ್ರದ ಮಾಲೀಕರದ್ದೋ?

ಪೆಡಿಟ್5ಗೆ ಪ್ರೇರಣೆಯಾದ ಆಟ ಯಾವುದು ಅಂತ ಮೊದಲು ಹೇಳಿಬಿಡ್ತೀನಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರು. ಒಂದು ಡಬ್ಬಿ, ಒಳಗೆ ಮೂರು ಸಣ್ಣ ಪುಸ್ತಕ. ಮೊದಲು ಅಚ್ಚಾದದ್ದು 1000 ಪ್ರತಿ. ನಾಲ್ಕೈದು ಜನ ಮೇಜಿನ ಸುತ್ತ ಕೂರಬೇಕು. ಒಬ್ಬ ಕಥೆ ನಡೆಸುತ್ತಾನೆ; ಅವನಿಗೆ ಆಮೇಲೆ ‘ಡಂಜನ್ ಮಾಸ್ಟರ್’ ಅನ್ನೋ ಹೆಸರು ಬಂತು. ಉಳಿದವರು ಒಂದೊಂದು ಪಾತ್ರ. ‘ನಾನು ಬೀಗ ಒಡೀತೀನಿ’ ಅಂತ ಒಬ್ಬ ಹೇಳಿದರೆ ದಾಳ ಉರುಳಿಸಬೇಕು. ಆಯಿತೋ ಇಲ್ಲವೋ, ಆಮೇಲೇನಾಯಿತು ಅಂತ ಮಾಸ್ಟರ್ ಹೇಳುತ್ತಾನೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಕೃಷ್ಣನೋ ಕೌರವನೋ ಆಗಿ ಮಾತಾಡೋದು. ಆ ಮಾತನ್ನು ಯಾರೂ ಬರೆದುಕೊಟ್ಟಿರೋದಿಲ್ಲ. ಒಂದು ವ್ಯತ್ಯಾಸ: ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ದಾಳ ಬೀಳೋವರೆಗೆ ಯಾರಿಗೂ ಗೊತ್ತಿಲ್ಲ.

ಇಂಥ ಆಟ ಕಂಪ್ಯೂಟರ್ ಜನರ ಕೈಗೆ ಸಿಕ್ಕ ಕೂಡಲೇ ಅವರು ಮಾಡಹೊರಟಿದ್ದು ಮಾಸ್ಟರ್ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸೋದನ್ನು. ವಿಲ್ ಕ್ರೌದರ್ ಅವರಲ್ಲೊಬ್ಬ. ಇವತ್ತಿನ ಇಂಟರ್ನೆಟ್ಟಿನ ಹಿರಿಯಜ್ಜ ಅನ್ನಬಹುದಾದ ಆರ್ಪಾನೆಟ್‌ಗೆ ಪ್ರೋಗ್ರಾಮ್ ಬರೆದವನು, ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳಿ ನಕ್ಷೆ ಮಾಡಿದವನು, ಸಹೋದ್ಯೋಗಿಗಳ ಜೊತೆ ಈ ಹೊಸ ಆಟವನ್ನೂ ಆಡುತ್ತಿದ್ದವನು. ವಿಚ್ಛೇದನವಾಗಿ ಮಕ್ಕಳಿಂದ ದೂರವಾದ ದಿನಗಳಲ್ಲಿ, ಹೆಣ್ಣುಮಕ್ಕಳಿಬ್ಬರಿಗೆ ಆಡೋಕೆ ಅಂತ ಗುಹೆ ಮತ್ತು ಆಟ ಎರಡನ್ನೂ ಸೇರಿಸಿ ಫೋರ್ಟ್ರಾನ್‌ನಲ್ಲಿ ‘ಅಡ್ವೆಂಚರ್’ ಬರೆದ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದ. ಒಂದೆರಡು ಪದ ಟೈಪ್ ಮಾಡಿದರೆ ಯಂತ್ರ ಮುಂದಿನ ದೃಶ್ಯ ವಿವರಿಸುತ್ತಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ನಲ್ಲಿ ಹಲವರು ಒಂದೇ ಲೋಕದೊಳಗೆ ಒಟ್ಟಿಗೆ ಓಡಾಡಬಹುದಿತ್ತು. ವಿಡಿಯೋ ಗೇಮುಗಳ ಒಂದು ದೊಡ್ಡ ವಂಶವೇ ಇಲ್ಲಿಂದ ಬೆಳೀತು.

ಇಷ್ಟಾದರೂ ಮೇಜಿನ ಆಟ ಸಾಯಲಿಲ್ಲ. ಯಾಕೆ ಅಂತ ನಮ್ಮದೇ ಗುಂಪಿನ ಉದಾಹರಣೆ ಕೊಡ್ತೀನಿ. ಮೊದಲ ಕೆಲಸದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದವರು ನಾವು. ಈಗ ಒಬ್ಬ ಡಬ್ಲಿನ್, ಒಬ್ಬಳು ಹುಬ್ಬಳ್ಳಿ, ಇಬ್ಬರು ಬೆಂಗಳೂರು. ಒಂದು ಶನಿವಾರ ಆಟದಲ್ಲಿ ಸೇತುವೆ ಕಾಯುವ ದೈತ್ಯ ಅಡ್ಡ ನಿಂತ. ಹುಬ್ಬಳ್ಳಿಯವಳು ಕತ್ತಿ ತೆಗೆಯಲಿಲ್ಲ. ‘ನಿನಗ ಪಗಾರ ಕೊಟ್ಟು ಎಷ್ಟು ತಿಂಗಳಾತು?’ ಅಂತ ಕೇಳಿದಳು. ಕಥೆ ನಡೆಸುತ್ತಿದ್ದ ಡಬ್ಲಿನ್‌ನವನು ಎರಡು ಸೆಕೆಂಡ್ ಸುಮ್ಮನಿದ್ದ. ಆಮೇಲೆ ದೈತ್ಯನ ದನಿಯಲ್ಲಿ, ‘ಮೂರು’ ಅಂದ. ಅವತ್ತು ಯುದ್ಧ ನಡೆಯಲೇ ಇಲ್ಲ. ರಾಜನ ವಿರುದ್ಧ ಕಾವಲುಗಾರರ ಮುಷ್ಕರ ಶುರುವಾಯಿತು.

ಆ ಪ್ರಶ್ನೆಗೆ ಯಾವ ಪ್ರೋಗ್ರಾಮಿನಲ್ಲೂ ಇಫ್-ಎಲ್ಸ್ ಬರೆದಿರಲಿಲ್ಲ. ಮೊದಲೇ ಯೋಚಿಸದ ಪ್ರಶ್ನೆಗೆ ‘ಆಗಲಿ, ನೋಡೋಣ’ ಅನ್ನುವ ಒಬ್ಬ ಮನುಷ್ಯ ಎದುರಿಗೆ ಇದ್ದದ್ದರಿಂದಲೇ ಆ ಕಥೆ ಹುಟ್ಟಿತು.

ಹಾಗಾಗಿ ಯಂತ್ರ ಮೇಜಿನ ಆಟಕ್ಕೆ ನಿಜವಾಗಿ ಉಪಕಾರ ಮಾಡಿದ್ದು ಮಾಸ್ಟರ್ ಆಗೋದನ್ನು ಬಿಟ್ಟು ಮೇಜು ಆದಾಗ. 2004ರಲ್ಲಿ ‘ಫ್ಯಾಂಟಸಿ ಗ್ರೌಂಡ್ಸ್’ ಬಂತು. 2012ರಲ್ಲಿ, ಕಾಲೇಜು ಮುಗಿಸಿ ಚದುರಿಹೋದ ಮೂವರು ರೂಮ್‌ಮೇಟುಗಳು ಆಟ ಬಿಡಬಾರದು ಅಂತ ‘ರೋಲ್20’ ಕಟ್ಟಿ, ಕಿಕ್‌ಸ್ಟಾರ್ಟರಿನಲ್ಲಿ ಜನರಿಂದ ಹಣ ಎತ್ತಿದರು. ಬ್ರೌಸರ್ ಸಾಕು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನಕ್ಷೆ ಎಲ್ಲರಿಗೂ ಕಾಣುತ್ತದೆ, ಆದರೆ ನಿಮ್ಮ ಪಾತ್ರದ ಕೈಯಲ್ಲಿರೋ ಪಂಜಿನ ಬೆಳಕು ಎಷ್ಟು ದೂರ ಹೋಗುತ್ತದೋ ಅಷ್ಟೇ. ಗೋಡೆಯ ಆಚೆ ಕತ್ತಲೆ. ಕಾಗದದ ಮೇಲೆ ಇದನ್ನು ಮಾಡೋಕೆ ಮಾಸ್ಟರ್ ನಕ್ಷೆಯನ್ನು ಮುಚ್ಚಿಟ್ಟುಕೊಂಡು ತುಂಡುತುಂಡಾಗಿ ತೋರಿಸಬೇಕಿತ್ತು. ಕೂಡಿ ಕಳೆಯೋದೂ ಯಂತ್ರದ್ದೇ. ಕಂಪ್ಯೂಟರ್ ದಾಳವನ್ನು ಜನ ನಂಬೋದಿಲ್ಲ ಅಂತ ರೋಲ್20ಯವರು ಬೆಳಕಿನ ಕಿರಣದ ಏರಿಳಿತ ಅಳೆದು ಸಂಖ್ಯೆ ತೆಗೆಯುವ ವ್ಯವಸ್ಥೆಯನ್ನೂ ಇಟ್ಟರು. 2020ರ ಲಾಕ್‌ಡೌನಿನಲ್ಲಿ ಮನೆಯ ಮೇಜಿನ ಸುತ್ತ ಸೇರಲಾಗದ ಎಷ್ಟೋ ಗುಂಪುಗಳು ಇಂಥ ಮೇಜುಗಳಿಗೆ ಬಂದವು.

ಇಲ್ಲಿಗೆ ಕಥೆ ಸುಖಾಂತ್ಯ ಆಗಬೇಕಿತ್ತು. ಆದರೆ ಈ ಹೊಸ ಮೇಜು ಇನ್ಯಾರದೋ ಸರ್ವರಿನಲ್ಲಿದೆ. ಊರಲ್ಲಿ ನಾವು ಚೌಕಾಬಾರ ಆಡುವಾಗ ಜಗಲಿ ಮೇಲೆ ಇದ್ದಿಲಲ್ಲಿ ಮನೆ ಬರೆದು, ಕವಡೆ ಹಾಕುತ್ತಿದ್ದೆವು. ಹೆಚ್ಚೆಂದರೆ ಅಜ್ಜಿ ಬೈದು ನೆಲ ಒರೆಸೋಳು. ಮತ್ತೆ ಬರೆದರೆ ಆಯಿತು. ನಿಯಮ ಬದಲಾಯ್ತು ಅಂತ ಯಾರೂ ಇಮೇಲ್ ಕಳಿಸುತ್ತಿರಲಿಲ್ಲ.

2000ದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮಾಲೀಕ ಕಂಪನಿ ವಿಜರ್ಡ್ಸ್ ಆಫ್ ದ ಕೋಸ್ಟ್, ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದಾದ ಒಂದು ಮುಕ್ತ ಪರವಾನಗಿ ಕೊಟ್ಟಿತ್ತು. ಅದನ್ನು ನಂಬಿ ಎಷ್ಟೋ ಜನ ಪುಸ್ತಕ, ಸಾಫ್ಟ್‌ವೇರ್ ಮಾಡಿ ಬದುಕು ಕಟ್ಟಿಕೊಂಡರು. 2022ರಲ್ಲಿ ಅದರ ಮಾತೃಸಂಸ್ಥೆ ಹ್ಯಾಸ್‌ಬ್ರೊ ‘ಡಿ ಅಂಡ್ ಡಿ ಬಿಯಾಂಡ್’ ಎಂಬ ಡಿಜಿಟಲ್ ಸೇವೆಯನ್ನು 14 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. 2023ರ ಜನವರಿಯಲ್ಲಿ ಹಳೆಯ ಪರವಾನಗಿಯನ್ನು ಅಮಾನ್ಯ ಮಾಡುವ ಕರಡು ಹೊರಬಿತ್ತು. ಜನ ಸಿಟ್ಟಿಗೆದ್ದರು. ಆಮೇಲೆ ತಿದ್ದಿ ಪ್ರಕಟಿಸಿದ ಕರಡಿನಲ್ಲಿ ಡಿಜಿಟಲ್ ಮೇಜುಗಳಿಗೂ ಒಂದು ನಿಯಮ: ಮನೆಯ ಊಟದ ಮೇಜಿನ ಅನುಭವ ಕೊಡಬಹುದು, ಆದರೆ ಮಂತ್ರದ ಬಾಣ ಹಾರಿ ಬಡಿಯೋದನ್ನು ಅನಿಮೇಷನ್‌ನಲ್ಲಿ ತೋರಿಸುವಂತಿಲ್ಲ, ಅದು ವಿಡಿಯೋ ಗೇಮ್ ಆಗುತ್ತದೆ. ವಿಚಿತ್ರ ಏನಂದರೆ, ಅದೇ ಕಂಪನಿ ಆಗ ಅನ್‌ರಿಯಲ್ ಎಂಜಿನ್ ಬಳಸಿ ತನ್ನದೇ 3ಡಿ ಮೇಜು ಕಟ್ಟುತ್ತಿತ್ತು!

ಜನ ಸಾಲುಸಾಲಾಗಿ ಚಂದಾ ರದ್ದು ಮಾಡಿದರು. ಜನವರಿ 27ಕ್ಕೆ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿತು. ಅದನ್ನು ಇನ್ನು ವಾಪಸ್ ಪಡೆಯೋಕಾಗೋದಿಲ್ಲ. ಆ 3ಡಿ ಮೇಜು ‘ಸಿಜಿಲ್’ ಅನ್ನೋ ಹೆಸರಲ್ಲಿ 2025ರ ಆರಂಭದಲ್ಲಿ ಬಂತು. ಮಾರ್ಚ್ ಹೊತ್ತಿಗೆ ಅದನ್ನು ಕಟ್ಟಿದ ತಂಡದ ಬಹುಪಾಲು ಜನರ ಕೆಲಸ ಹೋಗಿತ್ತು.

ಬೇರೆ ದಾರಿಯೂ ಇದೆ. 2020ರಲ್ಲಿ ಬಂದ ‘ಫೌಂಡ್ರಿ’ಯನ್ನು ಒಂದು ಸಲ ಕೊಂಡರೆ ನಮ್ಮದೇ ಕಂಪ್ಯೂಟರಿನಲ್ಲಿ ನಡೆಸಬಹುದು. ‘ಮ್ಯಾಪ್‌ಟೂಲ್’ ಉಚಿತ, ಅದರ ಕೋಡ್ ಕೂಡ ಮುಕ್ತ. ಸೆಟಪ್ ಮಾಡೋಕೆ ಒಂದು ಭಾನುವಾರ ಹಾಳಾಗುತ್ತದೆ ನಿಜ. ಆದರೆ ದಿನವಿಡೀ ಬೇರೆಯವರ ಸರ್ವರ್ ಎದ್ದು ನಿಲ್ಲಿಸುವ ನಾವು, ನಮ್ಮ ಗೆಳೆತನಕ್ಕೆ ಒಂದು ಸರ್ವರ್ ನಿಲ್ಲಿಸಲಾರೆವಾ? ಅದೂ ಬೇಡ ಅಂದರೆ ಇಷ್ಟಾದರೂ ಮಾಡಿ. ಪಾತ್ರಗಳನ್ನು ತಿಂಗಳಿಗೊಮ್ಮೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ನಡೆದ ಕಥೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಯಾರಾದರೂ ಮೇಜು ಎತ್ತಿಕೊಂಡು ಹೋದರೂ ಫೋನ್ ಕಾಲ್‌ನಲ್ಲೇ ಮುಂದಿನ ಅಧ್ಯಾಯ ಶುರು ಮಾಡಬಹುದು.